ಒಬ್ಬನ ಕಾಲು ನಂಬಿದ ತಂಡ

ಗುಂಡ್ಲುಪೇಟೆ, ಚಾಮರಾಜನಗರದ ಕಡೆ ಹಳ್ಳಿಗಳ ಹೊನಲು ಬೆಳಕಿನ ಕಬಡ್ಡಿಯಲ್ಲಿ ಮೈಕಿನವನ ಬಾಯಲ್ಲಿ ಬರುವುದೆಲ್ಲ ರೈಡರ್ ಹೆಸರೇ. ಮೂಲೆಯ ಹುಡುಗ ಕಾಲಿಗೆ ಬೀಳುವಷ್ಟರಲ್ಲಿ ಅವನು ಸೊಂಟ ತಿರುಗಿಸಿ ಮಧ್ಯಗೆರೆ ಮುಟ್ಟಿರುತ್ತಾನೆ. ಆ ಚುರುಕನ್ನು ಯಾವ ಕೋಚೂ ಹೇಳಿಕೊಡಲಾರ. ಅವನನ್ನು ಯಾವಾಗ ಒಳಗೆ ಕಳಿಸಬೇಕು ಅನ್ನೋದು ಮಾತ್ರ ಕೋಚ್ ಕೈಲಿರೋ ಲೆಕ್ಕ.

ಎದುರಿಗೆ ಆರೇಳು ಜನ ಇದ್ದರೆ ಬೋನಸ್ ಆಸೆ. ಮೂವರೇ ಉಳಿದಾಗ ಸಿಕ್ಕಿಬಿದ್ದರೆ ಅವರಿಗೇ ಎರಡು ಪಾಯಿಂಟ್. ಪ್ರೊ ಕಬಡ್ಡಿಯಲ್ಲಿ ಸತತ ಎರಡು ದಾಳಿ ಖಾಲಿ ಹೋದರೆ ಮೂರನೆಯದು ಮಾಡು ಇಲ್ಲವೇ ಮಡಿ.

2019ರಲ್ಲಿ ಬೆಂಗಳೂರು ಬುಲ್ಸ್‌ನ ಪವನ್ ಸೆಹ್ರಾವತ್ ಹರಿಯಾಣ ಸ್ಟೀಲರ್ಸ್ ವಿರುದ್ಧ ಒಂದೇ ಪಂದ್ಯದಲ್ಲಿ 39 ರೈಡ್ ಪಾಯಿಂಟ್ ತಂದ. ಒಬ್ಬನ ಕಾಲು ನಂಬೋದು ಕಬಡ್ಡಿಯಲ್ಲಿ ಮಾತ್ರ ಅಲ್ಲ: ಅದೇ ವರ್ಷ ಅಮೆರಿಕನ್ ಫುಟ್‌ಬಾಲ್‌ನಲ್ಲಿ ಲಮಾರ್ ಜಾಕ್ಸನ್ 1206 ಗಜ ಓಡಿದ. ಅವನು ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡೆಸೆಯುವುದೇ ಮುಖ್ಯ ಕೆಲಸ. ಬಾಲ್ಟಿಮೋರ್ ರೇವನ್ಸ್ ಅವನ ಕಾಲಿಗೆ ತಕ್ಕಂತೆ ಆಟವನ್ನೇ ಬದಲಿಸಿತ್ತು: ಎದುರಾಳಿಯ ಒಬ್ಬನನ್ನು ಬೇಕಂತಲೇ ತಡೆಯದೆ ಬಿಡೋದು. ಆ ಎದುರಾಳಿ ಪಕ್ಕದ ಓಟಗಾರನತ್ತ ನುಗ್ಗಿದರೆ ಜಾಕ್ಸನ್ ಚೆಂಡು ಇಟ್ಟುಕೊಂಡು ತಾನೇ ಓಡೋದು, ಜಾಕ್ಸನ್‌ನತ್ತಲೇ ಬಂದರೆ ಓಟಗಾರನಿಗೆ ಚೆಂಡು ಕೊಟ್ಟುಬಿಡೋದು.

ಆದರೆ ಬುಲ್ಸ್ ಆ ಸಲ ಸೆಮಿಫೈನಲ್‌ನಲ್ಲೇ ಸೋತಿತು. ರೇವನ್ಸ್ ಪ್ಲೇಆಫ್‌ನ ತನ್ನ ಮೊದಲ ಪಂದ್ಯದಲ್ಲೇ. ಒಬ್ಬನ ಕಾಲು ನಂಬಿ ತಂಡ ಕಟ್ಟಬಹುದು, ಎದುರಾಳಿಯೂ ಅದೇ ಕಾಲಿಗೆ ಹೊಂಚು ಹಾಕಿರ್ತಾನೆ. ನಮ್ಮ ಕಡೆ ತಂಡಗಳು ಎರಡನೇ ರೈಡರ್‌ನ ತಯಾರು ಮಾಡೋದು ಯಾವಾಗ?