ತುಕ್ಕು ಹಿಡಿಯದ ಟ್ಯಾಂಕು: ಮೈಸೂರು ರಸ್ತೆಯಲ್ಲೊಂದು ಸುತ್ತು

ಬೆಂಗಳೂರಿನಿಂದ ಮೈಸೂರಿನತ್ತ ಹೊರಟವರಿಗೆ ದೀಪಾಂಜಲಿ ನಗರ ಒಂದು ಬಡಾವಣೆಯಾಗಿ ಕಾಣುವುದೇ ಅಪರೂಪ. ಬ್ಯಾಟರಾಯನಪುರದ ಗಾಳಿ ಆಂಜನೇಯನಿಗೆ ಬಸ್ಸಿನಿಂದಲೇ ಕೈ ಮುಗಿದು, ಸ್ಯಾಟಲೈಟ್ ಬಸ್ ನಿಲ್ದಾಣದ ಗದ್ದಲ ದಾಟುವಷ್ಟರಲ್ಲಿ ಅದು ಹಿಂದೆ ಸರಿದುಬಿಟ್ಟಿರುತ್ತದೆ. 2015ರ ನವೆಂಬರ್‌ನಲ್ಲಿ ಇಲ್ಲಿ ಮೆಟ್ರೊ ನಿಲ್ದಾಣ ತೆರೆದ ಮೇಲೆ ಊರಿನ ಹೆಸರು ಎಲ್ಲರ ಕಿವಿಗೂ ಬಿದ್ದಿತು. ಮೇಲೆ ನೇರಳೆ ಮಾರ್ಗದ ರೈಲು ವಿದ್ಯುತ್ತಿನಿಂದ ಓಡುತ್ತದೆ. ಕೆಳಗಿನ ರಸ್ತೆಯಲ್ಲಿ ಮಾತ್ರ ಇಂದಿಗೂ ಡೀಸೆಲ್‌ನದೇ ದೊಡ್ಡ ಪಾಲು. ಬಸ್ಸು, ಲಾರಿ, ಟೆಂಪೊ, ತರಕಾರಿ ಹೊತ್ತ ಪುಟ್ಟ ಗೂಡ್ಸ್ ಗಾಡಿ ಒಂದರ ಹಿಂದೆ ಒಂದು!

ನಿಂತ ಲಾರಿಯೊಂದರ ಪಕ್ಕಕ್ಕೆ ಒಮ್ಮೆ ಕಣ್ಣು ಹಾಯಿಸಿ. ಚಕ್ರಗಳ ನಡುವೆ, ಚಾಸಿಗೆ ಪಟ್ಟಿ ಬಿಗಿದು ಕೂರಿಸಿದ ಡಬ್ಬವೇ ಇಂಧನದ ಟ್ಯಾಂಕು. ಅದು ಕಬ್ಬಿಣದ ತಗಡಿನದಾದರೆ ಅದರ ಹಗೆ ಹೊರಗಿನ ಮಳೆ ಮಾತ್ರವಲ್ಲ, ಒಳಗಿನ ನೀರು ಕೂಡ. ಮುಚ್ಚಿದ ಟ್ಯಾಂಕಿನೊಳಗೆ ನೀರು ಎಲ್ಲಿಂದ ಬಂತು? ಡೀಸೆಲ್ ಖರ್ಚಾದಂತೆ ಆ ಜಾಗಕ್ಕೆ ಗಾಳಿ ಬರುತ್ತದೆ. ರಾತ್ರಿಯ ತಂಪಿಗೆ ಆ ಗಾಳಿಯ ತೇವ ಹನಿಗಟ್ಟಿ ಒಳಗೋಡೆಯಿಂದ ಇಳಿಯುತ್ತದೆ. ಒಂದು ಲೀಟರ್ ನೀರಿನ ತೂಕ 1 ಕಿಲೊ. ಅಷ್ಟೇ ಡೀಸೆಲ್ ಸುಮಾರು 820ರಿಂದ 845 ಗ್ರಾಂ ತೂಗುತ್ತದೆ. ಹೀಗಾಗಿ ನೀರು ತಳ ಸೇರುತ್ತದೆ, ತುಕ್ಕು ಅಲ್ಲಿಂದ ಆರಂಭವಾಗುತ್ತದೆ. ನೀರೂ ಡೀಸೆಲ್ಲೂ ಕೂಡುವ ಗಡಿಯಲ್ಲಿ ಸೂಕ್ಷ್ಮಜೀವಿಗಳೂ ಬೆಳೆದು ಲೋಳೆ ಕಟ್ಟುತ್ತವೆ.

ಹಳೆಯ ಎಂಜಿನ್ನುಗಳು ಇದನ್ನೆಲ್ಲ ಹೇಗೋ ಸಹಿಸಿಕೊಂಡವು. ಈಗಿನ ಕಾಮನ್ ರೈಲ್ ಎಂಜಿನ್ನುಗಳಲ್ಲಿ ಇಂಧನ 1,500 ಬಾರ್‌ಗೂ ಮಿಕ್ಕಿದ ಒತ್ತಡದಲ್ಲಿ ಕೂದಲೆಳೆಗಿಂತ ಸಣ್ಣ ಸಂದುಗಳ ಮೂಲಕ ಹಾಯಬೇಕು. ಫಿಲ್ಟರ್ ತಪ್ಪಿಸಿಕೊಂಡ ತುಕ್ಕಿನ ಒಂದು ಕಣ ಸಾಕು, ಇಂಜೆಕ್ಟರ್ ಕೆಡುತ್ತದೆ. ಒಂದೇ ಗಾಡಿಯ ಬಾಡಿಗೆಯಿಂದ ಮಗಳ ಕಾಲೇಜು ಶುಲ್ಕ ಕಟ್ಟುವ ಅಪ್ಪನಿಗೆ ಅದು ಎಂಥ ಪೆಟ್ಟೆಂದು ಬಿಡಿಸಿ ಹೇಳಬೇಕಿಲ್ಲ.

ಟ್ಯಾಂಕು ಸೋರತೊಡಗಿದರೆ ಗ್ಯಾರೇಜಿನಲ್ಲಿ ಸಿಗುವ ಉತ್ತರ ಎರಡು. ‘ವೆಲ್ಡಿಂಗ್ ಹಾಕಿಸಿಬಿಡಿ ಸಾರ್’ ಎನ್ನುವುದು ಹಳೆಯದು. ‘ಪ್ಲಾಸ್ಟಿಕ್ ಟ್ಯಾಂಕ್ ಕೂರಿಸಿಬಿಡಿ’ ಎನ್ನುವುದು ಹೊಸದು.

ಮೊದಲನೆಯದರಲ್ಲಿ ಪ್ರಾಣದ ಪ್ರಶ್ನೆಯಿದೆ. ಖಾಲಿ ಟ್ಯಾಂಕೆಂದರೆ ಅಪಾಯವಿಲ್ಲದ ಟ್ಯಾಂಕಲ್ಲ. ಮಡಿಕೆಗಳಲ್ಲಿ ಉಳಿದ ಡೀಸೆಲ್ ವೆಲ್ಡಿಂಗ್ ಉರಿಗೆ ಆವಿಯಾಗಿ, ಒಳಗಿನ ಗಾಳಿಯೊಂದಿಗೆ ಬೆರೆತರೆ ಟ್ಯಾಂಕು ಬಾಂಬಿನಂತೆ ಸಿಡಿಯಬಲ್ಲದು. ಕೆಲಸ ಕಲಿಯುವ ಹುಡುಗರು ಮೊದಲು ಕಲಿಯಬೇಕಾದ ಪಾಠವಿದು: ಇಂಧನವಿದ್ದ ಟ್ಯಾಂಕನ್ನು ಪೂರ್ತಿ ಶುದ್ಧಿಮಾಡಿ, ಆವಿಯಿಲ್ಲವೆಂದು ಪರೀಕ್ಷಿಸದ ಹೊರತು ಉರಿ ತಾಗಿಸಕೂಡದು.

ಇನ್ನು ಪ್ಲಾಸ್ಟಿಕ್. ಇದು ಅಧಿಕ ಸಾಂದ್ರತೆಯ ಪಾಲಿಎಥಿಲೀನ್, ಅಂದರೆ ಎಚ್‌ಡಿಪಿಇ. ಫೋಕ್ಸ್‌ವ್ಯಾಗನ್ ಕಂಪನಿಯ ಪಸಾಟ್ ಕಾರಿಗೆ ಎಪ್ಪತ್ತರ ದಶಕದಲ್ಲೇ ಇಂಥ ಟ್ಯಾಂಕು ಬಂದಿತ್ತು. ವಿದ್ಯಾರ್ಥಿಗಳಿಗೊಂದು ಲೆಕ್ಕ. ಒಂದೂವರೆ ಮಿಲಿಮೀಟರ್ ದಪ್ಪದ ಒಂದು ಚದರ ಮೀಟರ್ ಉಕ್ಕಿನ ತಗಡು ಸುಮಾರು 11.8 ಕಿಲೊ ತೂಗಿದರೆ, 5 ಮಿಲಿಮೀಟರ್ ದಪ್ಪದ ಈ ಪ್ಲಾಸ್ಟಿಕ್ ಐದು ಕಿಲೊ ಮುಟ್ಟುವುದಿಲ್ಲ. ದಪ್ಪ ಮೂರು ಪಟ್ಟಿಗೂ ಹೆಚ್ಚು, ಭಾರ ಅರ್ಧಕ್ಕಿಂತ ಕಡಿಮೆ! ತುಕ್ಕಿನ ಮಾತೇ ಇಲ್ಲ.

ಬೆಂಕಿ ಬಿದ್ದರೆ ಗತಿಯೇನು ಎಂದು ತಾಯಂದಿರು ಕೇಳುವುದು ಸಹಜ. ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ 34ನೆಯ ನಿಯಮದ ಪ್ರಕಾರ ಅರ್ಧ ತುಂಬಿದ ಪ್ಲಾಸ್ಟಿಕ್ ಟ್ಯಾಂಕನ್ನು ಒಂದು ನಿಮಿಷ ನೇರ ಉರಿಗೆ, ಮತ್ತೊಂದು ನಿಮಿಷ ಮರೆಯ ಉರಿಗೆ ಒಡ್ಡುತ್ತಾರೆ. ಅದು ಸೋರಬಾರದು. ಪ್ರಯಾಣಿಕರು ಇಳಿದು ಓಡಲು ಸಿಗುವ ಅವಕಾಶವದು. ಇಂಥ ಪರೀಕ್ಷೆ ಗೆದ್ದ ಟ್ಯಾಂಕೇ ಬೇರೆ, ಮಹಡಿಯ ಮೇಲಿನ ನೀರಿನ ಸಿಂಟೆಕ್ಸ್ ಬೇರೆ, ಎಣ್ಣೆ ತುಂಬಿದ ಕ್ಯಾನು ಬೇರೆ. ಎಲ್ಲವೂ ಪ್ಲಾಸ್ಟಿಕ್ಕೇ ಎಂದು ಕ್ಯಾನನ್ನು ಗಾಡಿಗೆ ಕಟ್ಟಿ ಓಡಿಸುವುದು ಕೈಯಾರೆ ಕೊಳ್ಳಿ ಹಿಡಿದಂತೆ.

ಕೂರಿಸುವಾಗಲೂ ಕಬ್ಬಿಣದ ಬುದ್ಧಿ ಇಲ್ಲಿ ನಡೆಯದು. ಬಿಸಿಲಿಗೆ ಈ ಪ್ಲಾಸ್ಟಿಕ್ ಉಕ್ಕಿಗಿಂತ ಹತ್ತು ಪಟ್ಟು ಹಿಗ್ಗುತ್ತದೆ. ಡೀಸೆಲ್ ಹೀರಿಯೂ ತುಸು ಊದಿಕೊಳ್ಳುತ್ತದೆ. ಆದ್ದರಿಂದ ಪಟ್ಟಿಯ ಕೆಳಗೆ ರಬ್ಬರ್ ಇರಬೇಕು, ಹಿಗ್ಗಲು ಜಾಗ ಇರಬೇಕು. ಸುಮಾರು 130 ಡಿಗ್ರಿ ಸೆಲ್ಸಿಯಸ್‌ಗೆ ಕರಗುವ ವಸ್ತುವಾದ್ದರಿಂದ ಸೈಲೆನ್ಸರ್‌ನಿಂದ ದೂರವಿರಬೇಕು. ಎಂಜಿನ್ನಿನಿಂದ ಹೆಚ್ಚುವರಿ ಡೀಸೆಲ್ ಬಿಸಿಯಾಗಿ ವಾಪಸು ಬರುವ ಕೊಳವೆ, ಗಾಳಿಯಾಡುವ ಕಿಂಡಿ, ಮಟ್ಟ ತೋರಿಸುವ ಫ್ಲೋಟ್ ಎಲ್ಲವೂ ಮೊದಲಿನಂತೆಯೇ ಹೊಂದಬೇಕು. ಪ್ಲಾಸ್ಟಿಕ್‌ನಲ್ಲಿ ವಿದ್ಯುತ್ ಹರಿಯದ ಕಾರಣ, ಡೀಸೆಲ್ ತುಂಬುವ ಬಾಯಿಯ ಲೋಹದ ಭಾಗವನ್ನು ತಂತಿಯಿಂದ ಚಾಸಿಗೆ ಸೇರಿಸಬೇಕು. ಇಲ್ಲವಾದರೆ ಅಲ್ಲಿ ಸ್ಥಿರ ವಿದ್ಯುತ್ತಿನ ಕಿಡಿ ಹಾರಬಹುದು.

ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಿಸಬಾರದೆನ್ನುತ್ತದೆ. ಅದೇ ಮಾದರಿಗೆ ಕಂಪನಿಯೇ ಒಪ್ಪಿದ ಟ್ಯಾಂಕು ಕೊಳ್ಳುವುದು, ಅನುಮಾನವಿದ್ದರೆ ಮೊದಲೇ ಆರ್.ಟಿ.ಓ. ಕಚೇರಿಯಲ್ಲಿ ಕೇಳುವುದು ಜಾಣತನ. ಅಪಘಾತವಾದ ಮೇಲೆ ವಿಮೆಯವರ ಮುಂದೆ ಜಗಳಕ್ಕೆ ನಿಲ್ಲುವುದಕ್ಕಿಂತ ಅದು ಲೇಸು. ಇನ್ನೊಂದು ಮಾತು: ಟ್ಯಾಂಕು ಪ್ಲಾಸ್ಟಿಕ್ ಆದ ಮಾತ್ರಕ್ಕೆ ಒಳಗೆ ನೀರು ಸೇರುವುದು ನಿಲ್ಲದು. ಫಿಲ್ಟರ್‌ನ ತಳದ ನೀರನ್ನು ಕಾಲಕಾಲಕ್ಕೆ ಬಿಡಲೇಬೇಕು.

ಇದೇ ರಸ್ತೆಯಲ್ಲಿ ಮುಂದೆ ಸಾಗಿದರೆ ನಾಯಂಡಹಳ್ಳಿ. ಊರಿನ ಪ್ಲಾಸ್ಟಿಕ್ ಗುಜರಿಯನ್ನು ಬಗೆಬಗೆಯಾಗಿ ಬೇರ್ಪಡಿಸಿ ಮರುಬಳಕೆಗೆ ಸಿದ್ಧಮಾಡುವ ಕಸುಬಿಗೆ ಹೆಸರಾದ ಜಾಗ. ಎಚ್‌ಡಿಪಿಇಯನ್ನು ಕರಗಿಸಿ ಮತ್ತೆ ಅಚ್ಚು ಹಾಕಬಹುದು. ಆದರೆ ಡೀಸೆಲ್ ಹೀರಿದ ಹಳೆಯ ಟ್ಯಾಂಕನ್ನು ಹಾಗೇ ಗುಜರಿಗೆ ಎಸೆದರೆ ಅದರ ವಾಸನೆ, ವಿಷ ಆರಿಸುವವರ ಕೈಗೆ ಹತ್ತುತ್ತದೆ. ತೊಳೆದ ನೀರನ್ನು ಚರಂಡಿಗೆ ಬಿಟ್ಟರೆ ಅದು ಪಕ್ಕದ ವೃಷಭಾವತಿಗೆ, ಅಲ್ಲಿಂದ ಬಿಡದಿ ಬಳಿಯ ಬೈರಮಂಗಲ ಕೆರೆಗೆ, ಕೊನೆಗೆ ರೈತರ ಹೊಲಕ್ಕೆ. ಹಾಗಾಗಿ ಹಳೆಯ ಟ್ಯಾಂಕನ್ನು ಬಸಿದು, ಡೀಸೆಲ್ ಹೀರಿದ್ದೆಂದು ಹೇಳಿಯೇ ಗುಜರಿಗೆ ಕೊಡುವುದು ನ್ಯಾಯ.

ಎಸ್ಸೆಸ್ಸೆಲ್ಸಿ ಮುಗಿಸಿ ಮುಂದೇನೆಂದು ಯೋಚಿಸುವ ಮಕ್ಕಳಿಗೆ ಇಲ್ಲೊಂದು ದಾರಿಯೂ ಇದೆ. ಇದೇ ರಸ್ತೆ ಹಿಡಿದು ಹೋದರೆ ಸಿಗುವ ಮೈಸೂರಿನಲ್ಲಿ ಕೇಂದ್ರ ಸರ್ಕಾರದ ಸಿಪೆಟ್ ಸಂಸ್ಥೆಯ ಶಾಖೆಯಿದೆ. ಪ್ಲಾಸ್ಟಿಕ್ ತಂತ್ರಜ್ಞಾನವನ್ನು, ಅಚ್ಚು ತಯಾರಿಕೆಯನ್ನು ಅಲ್ಲಿ ಡಿಪ್ಲೊಮಾ ಹಂತದಲ್ಲಿ ಕಲಿಸುತ್ತಾರೆ. ಟ್ಯಾಂಕಿನ ಅಚ್ಚು ಮಾಡಲು, ಹಳೆಯದನ್ನು ಕೆಡುಕಾಗದಂತೆ ಕರಗಿಸಲು ಬಲ್ಲವರು ಬೇಕೇ ಬೇಕು. ದೀಪಾಂಜಲಿ ನಗರದ ಬಸ್ಸಿನ ಕಿಟಕಿಯಿಂದ ಹೊರಗೆ ನೋಡುವ ಹುಡುಗ ಹುಡುಗಿಯರಲ್ಲಿ ಒಬ್ಬರಾದರೂ ಪಕ್ಕದ ಲಾರಿಯ ಆ ಡಬ್ಬವನ್ನು ಕುತೂಹಲದಿಂದ ನೋಡಲಿ.