ಹಂಪಿಗೆ ಬರೋರಿಗೆ ನಮ್ಮೂರ ಕಡೆಯಿಂದ ಒಂದಿಷ್ಟು ಮಾತು

(ಒಟ್ಟು ಏಳು ಫೋಟೋ, ಏಳು ಬರಹ. ಉದ್ದ ಇದೆ. ಈಗ ಟೈಮ್ ಇಲ್ಲದಿದ್ರೆ ಸೇವ್ ಮಾಡಿಟ್ಕೊಂಡು ಬಸ್ಸಲ್ಲೋ ರೈಲಲ್ಲೋ ಕೂತಾಗ ಓದಿ.)

ಫೋಟೋ 1. ಹೇಮಕೂಟ, ಬೆಳಿಗ್ಗೆ ಆರೂವರೆ

ಶುಕ್ರವಾರ ಸಂಜೆ ಆಯ್ತು ಅಂದ್ರೆ ನನ್ನ ಇನ್‌ಬಾಕ್ಸ್‌ಗೆ ಬರೋ ಪ್ರಶ್ನೆ ಒಂದೇ: "ಹಂಪಿ ಒಂದೇ ದಿನದಲ್ಲಿ ಮುಗಿಸ್ಬಹುದಾ?"

ಮುಗಿಸೋದು! ಊಟ ಮುಗಿಸ್ತೀವಿ, ಪರೀಕ್ಷೆ ಮುಗಿಸ್ತೀವಿ. ಊರನ್ನು ಮುಗಿಸೋದು ಹೇಗೆ? 1565ರಲ್ಲಿ ರಕ್ಕಸತಂಗಡಿ ಯುದ್ಧದ ನಂತರ ಒಂದು ಸೈನ್ಯ ಆ ಪ್ರಯತ್ನ ಮಾಡಿತ್ತು, ಅದಕ್ಕೂ ಪೂರ್ತಿ ಆಗಲಿಲ್ಲ. ಇಲ್ಲಿ 1,600ಕ್ಕೂ ಹೆಚ್ಚು ಅವಶೇಷಗಳು ಉಳಿದಿವೆ, ವಿಶ್ವಪರಂಪರೆಯ ವ್ಯಾಪ್ತಿಯೇ 41 ಚದರ ಕಿಲೋಮೀಟರಿಗಿಂತ ಜಾಸ್ತಿ. ಬೆಂಗಳೂರಿಂದ ರಾತ್ರಿ ಹೊರಟು ಬೆಳಿಗ್ಗೆ ಇಳಿದು, ಮಧ್ಯಾಹ್ನದೊಳಗೆ ಹತ್ತು ಜಾಗ ಅಂತ ಪಟ್ಟಿ ಹಿಡಿದು ಓಡೋರನ್ನ ನೋಡಿದ್ರೆ ನನಗೆ ಸಿಟ್ಟಿಗಿಂತ ಮರುಕ ಜಾಸ್ತಿ. ಅಷ್ಟು ದೂರ ಬಂದು ಏನು ನೋಡಿದ್ರಿ ಅಂದ್ರೆ ಪಾರ್ಕಿಂಗ್ ಜಾಗ ನೋಡಿದ್ವಿ ಅನ್ನೋ ಹಾಗಿರುತ್ತೆ.

ನನ್ನ ಮಟ್ಟಿಗೆ ಇಲ್ಲಿ ನಡೆಯೋ ತಪ್ಪುಗಳಲ್ಲಿ ಅರ್ಧದಷ್ಟು ಈ ಅವಸರದಿಂದಲೇ ಹುಟ್ಟುತ್ತವೆ. ಬೋರ್ಡ್ ಓದೋಕೆ ಟೈಮ್ ಇಲ್ಲ, ಚಪ್ಪಲಿ ಬಿಡೋ ಜಾಗ ಹುಡುಕೋಕೆ ಟೈಮ್ ಇಲ್ಲ, ಯಾರನ್ನಾದ್ರೂ ಕೇಳೋಕಂತೂ ಇಲ್ಲವೇ ಇಲ್ಲ. ಒಂದೇ ದಿನ ಇದ್ಯಾ? ಹಾಗಾದ್ರೆ ಮೂರೇ ಜಾಗ ನೋಡಿ, ನಿಧಾನಕ್ಕೆ ನೋಡಿ. ಉಳಿದಿದ್ದಕ್ಕೆ ಇನ್ನೊಂದ್ಸಲ ಬನ್ನಿ, ಹಂಪಿ ಎಲ್ಲೂ ಹೋಗಲ್ಲ.

ಹಾಗಂತ ಹೇಳಿಬಿಟ್ಟೆ. ಪೂರ್ತಿ ನಿಜ ಅಲ್ಲ ಅದು. ಮೂರನೇ ಫೋಟೋ ನೋಡಿ.

ಫೋಟೋ 2. ತಲೆಕೆಳಗಾದ ಗೋಪುರ

ವಿರೂಪಾಕ್ಷ ದೇವಸ್ಥಾನದ ಹಿಂಭಾಗದಲ್ಲಿ ಒಂದು ಕತ್ತಲೆ ಕೋಣೆ. ಗೋಡೆಯಲ್ಲಿ ಸಣ್ಣ ಕಿಂಡಿ. ಅದರೊಳಗಿಂದ ಬರೋ ಬೆಳಕು ಹೊರಗಿನ ದೊಡ್ಡ ಗೋಪುರವನ್ನ ಎದುರಿನ ಗೋಡೆ ಮೇಲೆ ತಲೆಕೆಳಗಾಗಿ ಬರೆಯುತ್ತೆ. ನಮ್ಮ ಕೈಲಿರೋ ಕ್ಯಾಮೆರಾದ ಮೂಲ ತತ್ವವೂ ಇದೇ. ಜನ ಇದನ್ನ ನೋಡೋಕೆ ಸಾಲಲ್ಲಿ ನಿಂತು, ಒಳಗೆ ಬಂದ ಕೂಡಲೇ ಮೊಬೈಲ್ ಟಾರ್ಚ್ ಹಾಕ್ತಾರೆ! ಬೆಳಕು ಬಿದ್ದ ತಕ್ಷಣ ನೆರಳು ಮಾಯ. ಆಮೇಲೆ "ಏನೂ ಕಾಣಿಸ್ತಿಲ್ಲ" ಅಂತ ಹೊರಗೆ ಹೋಗ್ತಾರೆ. ಟಾರ್ಚ್, ಫ್ಲಾಶ್ ಎರಡೂ ಆರಿಸಿ, ಕಣ್ಣು ಕತ್ತಲಿಗೆ ಹೊಂದಿಕೊಳ್ಳೋವರೆಗೆ ಒಂದು ನಿಮಿಷ ಸುಮ್ಮನೆ ನಿಲ್ಲಿ. ಅಷ್ಟೇ ಸಾಕು.

ಇನ್ನೊಂದು ವಿಷಯ. ಇದು 'ಹಾಳು ಹಂಪಿ'ಯ ಭಾಗ ಅಲ್ಲ. ವಿಜಯನಗರಕ್ಕೂ ಮೊದಲಿನಿಂದ ಇಲ್ಲಿ ಪೂಜೆ ನಡೀತಾ ಇದೆ. ಒಳಗಿನ ರಂಗಮಂಟಪ ಕೃಷ್ಣದೇವರಾಯನ ಪಟ್ಟಾಭಿಷೇಕದ ಕಾಲದ್ದು, 1510ರ ಶಾಸನ ಅಲ್ಲೇ ನಿಂತಿದೆ. ಸುತ್ತಮುತ್ತಲ ಹಳ್ಳಿಗಳ ಮದುವೆಗಳು ಇಲ್ಲೇ ಆಗ್ತವೆ, ಹರಕೆ ತೀರಿಸೋಕೆ ಜನ ಬರ್ತಾರೆ, ಮಗುವಿನ ತಲೆಕೂದಲು ತೆಗೆಸೋರು ಬರ್ತಾರೆ. ಅವರಿಗೆ ಇದು ಪ್ರವಾಸ ಅಲ್ಲ. ಅಳ್ತಾ ಕೈಮುಗಿದು ನಿಂತಿರೋ ಹೆಂಗಸಿನ ಮುಖದ ಹತ್ತಿರ ಲೆನ್ಸ್ ಹಿಡಿದು "ಕ್ಯಾಂಡಿಡ್" ಅಂತ ಹಾಕೋದು ನನಗೆ ಸರಿ ಅನಿಸಲ್ಲ. ಕೇಳಿ. "ಅಮ್ಮಾ, ಒಂದು ಫೋಟೋ ತೆಗೀಲಾ?" ಅಂತ. ಹತ್ತರಲ್ಲಿ ಎಂಟು ಜನ ಸೆರಗು ಸರಿಮಾಡ್ಕೊಂಡು ನಗ್ತಾರೆ. ಬೇಡ ಅಂದ್ರೆ ಬೇಡ.

ಕೋದಂಡರಾಮ, ಯಂತ್ರೋದ್ಧಾರಕ ಆಂಜನೇಯ, ಮಾಲ್ಯವಂತ ರಘುನಾಥ ಇವೂ ಪೂಜೆ ಇರೋ ಗುಡಿಗಳೇ. ಮಾಲ್ಯವಂತದಲ್ಲಿ ರಾಮಾಯಣ ಪಾರಾಯಣ ಹಗಲು ರಾತ್ರಿ ನಡೀತಿರುತ್ತೆ. ಅಲ್ಲಿ ಸ್ಪೀಕರ್ ಹಾಕ್ಕೊಂಡು ರೀಲ್ ಮಾಡೋರಿಗೆ ಏನು ಹೇಳೋದು, ನೀವೇ ಹೇಳಿ.

ಫೋಟೋ 3. ಬಜಾರಿನ ಸಾಲುಮಂಟಪ

ಈ ಫೋಟೋದಲ್ಲಿ ಎಡಗಡೆ ಖಾಲಿ ಕಾಣ್ತಿರೋ ಕಂಬಗಳ ನಡುವೆ ನನ್ನ ಚಿಕ್ಕಮ್ಮನ ಹೋಟೆಲ್ ಇತ್ತು. ಹೋಟೆಲ್ ಅಂದ್ರೆ ಎರಡು ಬೆಂಚು, ಒಂದು ಒಲೆ. ಬೆಳಿಗ್ಗೆ ಇಡ್ಲಿ, ಸಂಜೆ ವಗ್ಗರಣಿ ಮಿರ್ಚಿ, ದಿನವಿಡೀ ಚಹಾ. ನಾನು ರಜೆಯಲ್ಲಿ ಅಲ್ಲೇ ಲೋಟ ತೊಳೀತಾ ಬೆಳೆದವಳು.

2011ರ ಜುಲೈನಲ್ಲಿ ಜೆಸಿಬಿ ಬಂತು. ಸ್ಮಾರಕ ಉಳಿಸಬೇಕು ಅಂತ ಬಜಾರಿನ ಮನೆ, ಅಂಗಡಿ ಎಲ್ಲಾ ತೆಗೆದ್ರು. ನೂರಾರು ಕುಟುಂಬ. ಬಹಳಷ್ಟು ಜನ ಕಡ್ಡಿರಾಂಪುರದ ಕಡೆ ಹೋದ್ರು, ಚಿಕ್ಕಮ್ಮನೂ. ನ್ಯಾಯವಾಗಿ ಹೇಳ್ಬೇಕು ಅಂದ್ರೆ, ಹಳೇ ಕಂಬಗಳ ನಡುವೆ ಇಟ್ಟಿಗೆ ಗೋಡೆ ಎಬ್ಬಿಸಿ, ಸಿಮೆಂಟ್ ಮೆತ್ತಿ, ಕಲ್ಲಿಗೆ ಬಣ್ಣ ಹೊಡೆದವರೂ ನಮ್ಮವರಲ್ಲಿದ್ರು. ಕಲ್ಲಿಗೆ ಪೆಟ್ಟಾಗ್ತಿದ್ದುದು ಸುಳ್ಳಲ್ಲ. ಆದ್ರೆ ಈ ಬೀದಿಯನ್ನ ಕಟ್ಟಿದ್ದೇ ವ್ಯಾಪಾರಕ್ಕೆ, ಜನ ಇರಲಿ ಅಂತಲೇ. ಅಲ್ಲಿಂದ ಜನರನ್ನೇ ಎಬ್ಬಿಸೋ ರೀತಿ ಅದಲ್ಲ ಅಂತ ನನಗೆ ಈಗಲೂ ಅನಿಸುತ್ತೆ.

ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, 2019ರ ಫೆಬ್ರವರಿಯಲ್ಲಿ ಒಂದು ವಿಡಿಯೋ ಎಲ್ಲಾ ಕಡೆ ಹರಿದಾಡಿತ್ತು, ನೆನಪಿದೆಯಾ? ಗಜಶಾಲೆ ಹಿಂದಿನ ವಿಷ್ಣು ದೇವಾಲಯದ ಹತ್ತಿರ ಕೆಲವು ಹುಡುಗರು ಸೇರಿ ಕಂಬ ತಳ್ಳಿ ಬೀಳಿಸೋದು. ಸುಮ್ಮನೆ, ತಮಾಷೆಗೆ. ಚಿಕ್ಕಮ್ಮ ನನ್ನ ಫೋನಲ್ಲಿ ಅದನ್ನ ಎರಡು ಸಲ ನೋಡಿದ್ಲು. "ನಾವು ಇದ್ರ ಕಲ್ಲು ಹಾಳಾಗ್ತಾವ ಅಂದ್ರಲ್ಲ ಯವ್ವಾ, ಈಗ ಯಾರಿದ್ರಂತ ಅಲ್ಲಿ ಕಾಯಾಕ?" ಅಂದ್ಲು. ನನ್ನ ಹತ್ರ ಉತ್ತರ ಇರಲಿಲ್ಲ. ನಾಲ್ವರು ಸಿಕ್ಕಿಬಿದ್ರು, ನ್ಯಾಯಾಲಯ ತಲಾ 70,000 ರೂಪಾಯಿ ದಂಡ ಹಾಕಿತು, ಬೀಳಿಸಿದ ಕಂಬವನ್ನ ಅವರ ಕೈಯಲ್ಲೇ ಎತ್ತಿ ನಿಲ್ಲಿಸಿದ್ರು.

ಸುಮ್ಮನೆ ತಳ್ಳಿದ್ರೆ ಬೀಳುತ್ತಾ ಅಂತ ಕೇಳ್ತೀರಿ. ಬೀಳುತ್ತೆ. ಇಲ್ಲಿನ ಕಂಬಗಳಿಗೆ ಗಾರೆ ಇಲ್ಲ. ಪೀಠದ ಮೇಲೆ ಕಂಬ, ಕಂಬದ ಮೇಲೆ ಬೋದಿಗೆ, ಅದರ ಮೇಲೆ ತೊಲೆ, ಚಪ್ಪಡಿ. ಮೇಲಿನ ಭಾರವೇ ಕೆಳಗಿನದನ್ನ ಹಿಡಿದು ನಿಲ್ಲಿಸೋದು. ಚಾವಣಿ ಹೋದ ಕಂಬ ಅಂದ್ರೆ ಬರೀ ತನ್ನ ತೂಕದ ಮೇಲೆ ಸಮತೋಲನದಲ್ಲಿ ನಿಂತ ಕಲ್ಲು. ನೋಡೋಕೆ ಗಟ್ಟಿ, ಆದ್ರೆ ನಾಲ್ಕು ಜನರ ಭುಜ ಸಾಕು. 2024ರ ಮೇ ತಿಂಗಳ ಮಳೆಗೆ ಇದೇ ಬಜಾರಿನ ಮಂಟಪದ ಒಂದು ಭಾಗ ತಾನಾಗೇ ಕುಸಿಯಿತು. ಮಳೆಗೇ ತಡೆಯದ್ದು ನಿಮ್ಮ ಗ್ರೂಪ್ ಫೋಟೋಗೆ ತಡೆಯುತ್ತಾ? ಒರಗಬೇಡಿ, ಹತ್ತಬೇಡಿ. ಇಟ್ಟಿಗೆ-ಗಾರೆಯ ಶಿಖರಗಳಂತೂ ಇನ್ನೂ ಸೂಕ್ಷ್ಮ, ಕಾಲಿಟ್ಟರೆ ಪುಡಿ ಉದುರುತ್ತೆ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದ್ರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಅಂತ ಕಾನೂನೂ ಇದೆ.

ಫೋಟೋ 4. ಕಲ್ಲಿನ ರಥ, ಎಲ್ಲರಿಗೂ ಗೊತ್ತಿರೋದೇ

ಐವತ್ತು ರೂಪಾಯಿ ನೋಟು ಹಿಡಿದು ರಥದ ಮುಂದೆ ಫೋಟೋ. ತೆಗೆಸ್ಕೊಳ್ಳಿ, ತಪ್ಪೇನಿಲ್ಲ. ಕಟಕಟೆ ಹಾರಬೇಡಿ ಅಷ್ಟೇ.

ಒಂದೆರಡು ನಿಮಿಷ ಅಲ್ಲೇ ನಿಂತು ನೋಡಿದ್ರೆ ಗೊತ್ತಾಗುತ್ತೆ, ಮುಂದಿರೋ ಆನೆಗಳು ಆ ರಥಕ್ಕೆ ಅಳತೆಯಲ್ಲಿ ಹೊಂದಲ್ಲ. ಅವು ಆಮೇಲೆ ತಂದಿಟ್ಟವು. ಮೊದಲಿದ್ದದ್ದು ಕುದುರೆಗಳು, ಅವುಗಳ ಹಿಂಗಾಲಿನ ಗುರುತು ಆನೆಗಳ ಹಿಂದೆ ಇನ್ನೂ ಇದೆ. ಅಸಲಿಗೆ ಇದು ರಥವೂ ಅಲ್ಲ, ಗರುಡನ ಗುಡಿ.

1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಅನ್ನೋ ಸೇನಾಧಿಕಾರಿ ದೊಡ್ಡ ಕ್ಯಾಮೆರಾ ಸಮೇತ ಇಲ್ಲಿಗೆ ಬಂದಿದ್ದ. ಮೇಣ ಹಿಡಿಸಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯ ಫೋಟೋ ತೆಗೆದ. ಅವನ ಫೋಟೋದಲ್ಲಿ ಈ ರಥದ ನೆತ್ತಿ ಮೇಲೆ ಇಟ್ಟಿಗೆಯ ಶಿಖರ ಇದೆ! ಈಗ ಇಲ್ಲ. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅವನು ನಿಂತ ಜಾಗಗಳನ್ನೇ ಹುಡುಕಿ ಮತ್ತೆ ಫೋಟೋ ತೆಗೆದ್ರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರೆ ಏನು ಹೋಯ್ತು, ಏನು ಉಳೀತು ಎಲ್ಲಾ ಗೊತ್ತಾಗುತ್ತೆ. ಫೋಟೋ ಹುಚ್ಚಿನವರನ್ನೆಲ್ಲಾ ಬೈಯೋಕೆ ಕೂತಿಲ್ಲ ನಾನು, ನಾನೂ ಅದೇ ಜಾತಿ. ನಿಮ್ಮ ಫೋನಲ್ಲಿರೋ ಹಂಪಿ ಫೋಟೋಗಳಿಗೆ ದಿನಾಂಕ, ಜಾಗದ ಹೆಸರು ಬರೆದಿಡಿ. ನೂರು ವರ್ಷದ ನಂತರ ಯಾರಿಗೋ ಬೇಕಾಗಬಹುದು.

ಪಕ್ಕದ ಸಂಗೀತದ ಕಂಬಗಳನ್ನ ತಟ್ಟೋ ಹಾಗಿಲ್ಲ. "ಒಂದೇ ಒಂದ್ಸಲ ಸರ್, ಮಗುಗೆ ಕೇಳಿಸ್ಬೇಕು" ಅಂತ ಕಾವಲುಗಾರನಿಗೆ ದುಂಬಾಲು ಬೀಳೋ ಅಪ್ಪಂದಿರನ್ನ ಪ್ರತಿ ವಾರ ನೋಡ್ತೀನಿ. ಆ ಕಾವಲುಗಾರ ಬಿಸಿಲಲ್ಲಿ ನಿಂತು ದಿನಕ್ಕೆ ಎಷ್ಟು ಜನರಿಗೆ 'ಬೇಡ್ರಿ' ಅನ್ನಬೇಕು, ಯೋಚನೆ ಮಾಡಿ. ನೋಟು ತೋರಿಸೋದಂತೂ ಅವರ ಅನ್ನಕ್ಕೆ ಕಲ್ಲು ಹಾಕಿದ ಹಾಗೆ.

ಫೋಟೋ 5. ಪುಷ್ಕರಣಿ ಮತ್ತು ಬಣ್ಣದ ಹೊಗೆ

ಈ ಫೋಟೋ ಬೇಕಂತಲೇ ಹಾಕಿದ್ದು. ಮದುವೆ ಮುಂಚಿನ ಶೂಟಿಂಗ್. ಮುಖ ಮುಚ್ಚಿದೀನಿ. ಗುಲಾಬಿ ಹೊಗೆ ಚೆನ್ನಾಗೇ ಕಾಣುತ್ತೆ, ಹೊಗೆ ಡಬ್ಬಿ ಮಾತ್ರ ಮೆಟ್ಟಿಲ ಮೇಲೆ ಹಾಗೇ ಬಿದ್ದಿತ್ತು. ಮಂಟಪದ ಹಿಂದೆ ಬಟ್ಟೆ ಬದಲಾಯಿಸೋದು, ಕೆತ್ತನೆಗೆ ಟೇಪ್ ಅಂಟಿಸೋದು ಇದೆಲ್ಲಾ ನಡೆಯುತ್ತೆ. ಇಂಥ ಶೂಟಿಂಗಿಗೆ, ಡ್ರೋನಿಗೆ ಅನುಮತಿ ಬೇಕು. ನಿಮ್ಮ ಫೋಟೋಗ್ರಾಫರ್ "ನಡೆಯುತ್ತೆ ಬಿಡಿ" ಅಂದ್ರೆ ಪತ್ರ ತೋರಿಸು ಅನ್ನಿ.

ಫೋಟೋ 6. ತುಂಗಭದ್ರೆ, ಹರಿಗೋಲು

ಕೃಷ್ಣದೇವರಾಯನ ಕಾಲದಲ್ಲಿ ಬಂದಿದ್ದ ಪೋರ್ಚುಗೀಸ್ ಪೇಸ್, ಬುಟ್ಟಿ ಹಾಗೆ ದುಂಡಗಿರೋ, ಹೊರಗೆ ಚರ್ಮ ಹೊದಿಸಿದ ದೋಣಿಗಳಲ್ಲಿ ಜನ ಹೊಳೆ ದಾಟೋದನ್ನ ಬರೆದಿಟ್ಟಿದ್ದಾನೆ. ಐನೂರು ವರ್ಷ ಆಯ್ತು, ಚರ್ಮ ಹೋಯ್ತು, ಆಕಾರ ಅದೇ.

ಹತ್ತೋ ಮೊದಲೇ ರೇಟ್ ಮಾತಾಡಿ, ಲೈಫ್ ಜಾಕೆಟ್ ಕೇಳಿ. ಇಳಿದ ಮೇಲೆ ಚೌಕಾಸಿ ಮಾಡ್ಬೇಡಿ, ದುಡಿಮೆ ಮುಗಿದ ಮೇಲೆ ಕೂಲಿ ಕಡಿಮೆ ಮಾಡೋದು ಯಾವ ಊರಲ್ಲೂ ಚೆಂದ ಅಲ್ಲ. "ಅಣ್ಣಾ ಇನ್ನೂ ಜೋರಾಗಿ ತಿರುಗಿಸು" ಅಂತ ಒತ್ತಾಯನೂ ಬೇಡ. ಮತ್ತೆ ಹೊಳೆಗೆ ಇಳಿಯೋ ವಿಷಯ. ಮೇಲೆ ನೀರು ಶಾಂತ ಕಾಣುತ್ತೆ, ಬಂಡೆಗಳ ನಡುವೆ ಸುಳಿ ಇರುತ್ತೆ. ಮೇಲ್ಗಡೆ ಅಣೆಕಟ್ಟು ಇದೆ, ನೀರು ಬಿಟ್ರೆ ಪುರಂದರ ಮಂಟಪವೇ ಮುಳುಗುತ್ತೆ. ಸ್ಥಳೀಯರು "ಅಲ್ಲಿ ಇಳೀಬ್ಯಾಡ್ರಿ" ಅಂದ್ರೆ ವಾದ ಮಾಡದೆ ವಾಪಸ್ ಬನ್ನಿ. ಅವರು ಹೆಣ ಎತ್ತಿದವರು, ಅದಕ್ಕೇ ಹೇಳ್ತಾರೆ.

ಬೆಳಿಗ್ಗೆ ದೇವಸ್ಥಾನದ ಆನೆ ಲಕ್ಷ್ಮಿ ಸ್ನಾನಕ್ಕೆ ಬರ್ತಾಳೆ. ದೂರ ನಿಂತು ನೋಡಿ. ಮಂಗಗಳಿಗೆ ಬಾಳೆಹಣ್ಣು ಕೊಡೋದು ಬೇಡ, ಇವತ್ತು ನೀವು ಕೊಡ್ತೀರಿ, ನಾಳೆ ಅದು ಅಜ್ಜಿಯ ಪೂಜೆ ಬುಟ್ಟಿ ಕಿತ್ಕೊಳ್ಳುತ್ತೆ.

ಫೋಟೋ 7. ಬಾಳೆತೋಟ, ಕಾಲುವೆ

ಇದನ್ನ ಹಂಪಿ ಫೋಟೋ ಅಂತ ಯಾರೂ ಒಪ್ಪಲ್ಲ. ಆದ್ರೆ ಈ ಕಾಲುವೆ ವಿಜಯನಗರದ ಕಾಲದ್ದು, ತುರ್ತು ಕಾಲುವೆ ಅಂತಾರೆ. ಈಗಲೂ ಇದೇ ನೀರಲ್ಲಿ ಬಾಳೆ, ಕಬ್ಬು ಬೆಳೀತಾರೆ. ಅರಮನೆಗಳು ಸುಟ್ಟು ಹೋದವು, ಕಾಲುವೆ ಕೆಲಸ ಬಿಡಲಿಲ್ಲ. ನನ್ನ ಕೇಳಿದ್ರೆ ರಥಕ್ಕಿಂತ ದೊಡ್ಡ ಸ್ಮಾರಕ ಇದು. ತೋಟದೊಳಗೆ ನುಗ್ಗಿ ಫೋಟೋ ತೆಗೆಯೋರು ಬದುವಿನ ಮೇಲೆ ನಡೀರಿ, ರೈತ ಕಂಡ್ರೆ ಒಂದು ಮಾತು ಕೇಳಿ. ಪ್ಲಾಸ್ಟಿಕ್ ಬಾಟಲಿ ಕಾಲುವೆಗೆ ಬಿದ್ರೆ ಮುಂದಿನ ತೂಬಿನಲ್ಲಿ ಸಿಕ್ಕಿಹಾಕ್ಕೊಳ್ಳುತ್ತೆ, ಅದನ್ನ ತೆಗೆಯೋಕೆ ಇಳಿಯೋದು ಅವರೇ.

ಕಾಮೆಂಟಲ್ಲಿ ಪದೇ ಪದೇ ಕೇಳೋದಕ್ಕೆ ಇಲ್ಲೇ ಉತ್ತರ: ವಿಠ್ಠಲ ದೇವಸ್ಥಾನದ ಟಿಕೆಟ್ ಬಿಸಾಡಬೇಡಿ, ಅದೇ ದಿನ ಕಮಲ ಮಹಲಿಗೂ ಕಮಲಾಪುರದ ಮ್ಯೂಸಿಯಂಗೂ ನಡೆಯುತ್ತೆ. ಗೆಜ್ಜಲ ಮಂಟಪದಿಂದ ಬ್ಯಾಟರಿ ಗಾಡಿ ಇದೆ, ಓಡಿಸೋರಲ್ಲಿ ನಮ್ಮೂರ ಹೆಣ್ಣುಮಕ್ಕಳು ತುಂಬಾ ಜನ ಇದ್ದಾರೆ, "ಅಕ್ಕಾ" ಅಂತ ಕರೀರಿ. ನಡೆದು ಹೋದ್ರೂ ಒಂದು ಕಿಲೋಮೀಟರ್ ಅಷ್ಟೇ. ಗೈಡ್ ಬೇಕಿದ್ರೆ ಗುರುತಿನ ಚೀಟಿ ಇರೋರನ್ನ ಹಿಡೀರಿ. ಮಾರ್ಚ್‌ನಿಂದ ಮೇವರೆಗೆ ಬಂಡೆ ಕಾದ ಹೆಂಚು, ಹನ್ನೊಂದರಿಂದ ನಾಲ್ಕರವರೆಗೆ ನೆರಳಲ್ಲಿರಿ.

ಚಿಕ್ಕಮ್ಮ ಈಗ ಕಡ್ಡಿರಾಂಪುರದಲ್ಲಿ ಸಂಜೆ ಹೊತ್ತು ಮಿರ್ಚಿ ಕರೀತಾಳೆ. ಬೋರ್ಡ್ ಇಲ್ಲ, ಮ್ಯಾಪಲ್ಲೂ ಸಿಗಲ್ಲ, ಕೇಳ್ಕೊಂಡೇ ಹೋಗಬೇಕು. ಆರು ಗಂಟೆ ಮೇಲೆ ಹೋದ್ರೆ ಖಾಲಿ ಆಗಿರುತ್ತೆ.