ನಾಲ್ಕು ಬೆರಳು

ಕಂಬಳಿಗೆ ಅಳತೆಯೆಂಬುದಿಲ್ಲ. ತೀರ್ಥಹಳ್ಳಿಯ ಕಡೆಯವರಾದ ನಮಗೆ ಹುಟ್ಟಿದಂದಿನಿಂದ ಉಣ್ಣೆಯೆಂದರೆ ಕಂಬಳಿಯೇ. ಮಳೆಗಾಲದಲ್ಲಿ ಕೊಪ್ಪೆ ಮಾಡಿ ತಲೆಯ ಮೇಲೆ ಹಾಕಿಕೊಂಡರೆ ಅಜ್ಜನಿಗೂ ಸರಿ, ಮೊಮ್ಮಗನಿಗೂ ಸರಿ. ಹಾಸಿದರೆ ಹಾಸಿಗೆ, ಹೊದ್ದರೆ ಹೊದಿಕೆ. ತೋಳು, ಕತ್ತು, ಎದೆಯಗಲ ಎಂದು ಲೆಕ್ಕ ಹಾಕಿ ಉಣ್ಣೆ ತೊಡಬೇಕಾದ ಪ್ರಾರಬ್ಧ ನಮಗೆ ಒದಗಿದ್ದು ದೆಹಲಿಗೆ ಬಂದ ಮೇಲೆ. ದೀಪಾವಳಿ ಕಳೆದೊಡನೆ ಟ್ರಂಕು ತೆರೆದು, ನುಸಿಗುಳಿಗೆಯ ವಾಸನೆಯ ನಡುವೆ, ಯಾರ ಸ್ವೆಟರು ಯಾರಿಗೆ ಚಿಕ್ಕದಾಯಿತು ಎಂಬ ವಿಚಾರಣೆ ಉತ್ತರದ ಕಡೆ ಇರುವ ನಮ್ಮವರ ಮನೆಮನೆಗಳಲ್ಲೂ ನಡೆಯುತ್ತದಷ್ಟೆ.

ನಮ್ಮ ಮನೆಗೆ ಹೆಣಿಗೆ ಬಂದದ್ದು 2014ರ ಚಳಿಗಾಲದಲ್ಲಿ. ಆಗ ಪುಟ್ಟಿ ಕೈಗೂಸು. ಮೊಮ್ಮಗಳನ್ನು ನೋಡಿಕೊಳ್ಳಲೆಂದು ಊರಿನಿಂದ ಬಂದ ಅಮ್ಮ, ಮಧ್ಯಾಹ್ನದ ಬಿಸಿಲು ಕಾಯಿಸಲು ಮಾಳಿಗೆಯ ಮೇಲೆ ಕೂರುತ್ತಿದ್ದಳು. ಪಕ್ಕದ ಮನೆಯ ಪಂಜಾಬಿ ಅಜ್ಜಿ, ಎಲ್ಲರ ಬಾಯಲ್ಲೂ 'ಬೀಜಿ', ಅಲ್ಲಿಯೇ ಹೆಣೆಯುತ್ತ ಕುಳಿತಿರುತ್ತಿದ್ದರು. ಅಮ್ಮನಿಗೆ ಹಿಂದಿ ಬಾರದು. ಅವರಿಗೆ ಕನ್ನಡದ ಗಂಧವಿಲ್ಲ. ಆದರೆ ಹೆಣಿಗೆಗೆ ಬೇಕಾದ ಮಾತು ಎರಡೇ ನೋಡಿ: ಸೀದಾ, ಉಲ್ಟಾ. ಮಿಕ್ಕಿದ್ದನ್ನು ಬೆರಳು ಹೇಳಿಕೊಡುತ್ತದೆ. ಕಡ್ಡಿ 'ಸಲಾಯಿ'ಯಾಯಿತು, ಕುಣಿಕೆ 'ಫಂದಾ' ಆಯಿತು. ಮೂರು ಚಳಿಗಾಲ ಕಳೆದು ಊರಿಗೆ ಮರಳಿದ ಅಮ್ಮ ಇಂದಿಗೂ ಜಗಲಿಯ ಮೇಲೆ ಕುಳಿತು "ಎರಡು ಸೀದಾ, ಎರಡು ಉಲ್ಟಾ" ಎಂದು ಗುಣುಗುತ್ತಿದ್ದರೆ, ನೆರೆಯವರು ಯಾವುದೋ ಜಪವೆಂದು ತಿಳಿದು ಮಾತನಾಡಿಸದೆ ಹೋಗುತ್ತಾರಂತೆ.

ಈಗ ಅವಳಿಗೆ ಎಪ್ಪತ್ತೈದು ದಾಟಿದೆ. ಇಲ್ಲಿನ ಚಳಿ ಎದೆಗೆ ಆಗದು. ಅವಳ ಬದಲು ಪ್ರತಿವರ್ಷ ಒಂದು ಸ್ವೆಟರು ಬರುತ್ತದೆ. ನಾವು ಇಲ್ಲಿಂದ ಲೂಧಿಯಾನದ ಉಣ್ಣೆ ಕಳಿಸುತ್ತೇವೆ. ಅದು ಅಲ್ಲಿಂದ ತೋಳು ಕತ್ತು ಪಡೆದು ಹಿಂದಿರುಗುತ್ತದೆ.

ಕಳೆದ ಚಳಿಗಾಲ ಬಂದದ್ದು ಕುಂಕುಮದ ಬಣ್ಣದ್ದು. ಪುಟ್ಟಿ ಸಂಭ್ರಮದಿಂದ ತಲೆ ತೂರಿಸಿದಳು. ತೋಳು ಮುಂಗೈಗಿಂತ ನಾಲ್ಕು ಬೆರಳು ಮೇಲೆಯೇ ನಿಂತಿತು. ಪಕ್ಕೆಗಳಲ್ಲಿ ಉಸಿರು ಕಟ್ಟುವಷ್ಟು ಬಿಗಿ. ಅಮ್ಮ ಲೆಕ್ಕ ತಪ್ಪಿದಳೆನ್ನುವಂತಿರಲಿಲ್ಲ. ಅವಳು ಮೊಮ್ಮಗಳನ್ನು ಕಡೆಯ ಬಾರಿ ತಬ್ಬಿಕೊಂಡದ್ದು ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ. ಆ ಅಳತೆಗೆ ಸ್ವೆಟರು ಕರಾರುವಾಕ್ಕಾಗಿತ್ತು. ಆಮೇಲೆ ಒಂದು ವರ್ಷ ಕಚೇರಿಯ ರಜೆ ಸಿಗಲಿಲ್ಲ, ಇನ್ನೊಂದು ವರ್ಷ ರೈಲಿನ ಟಿಕೆಟು ಸಿಗಲಿಲ್ಲ. ತಪ್ಪು ಹೆಣಿಗೆಯದಲ್ಲ, ನಮ್ಮದು.

"ಫೋಟೋ ಕಳಿಸಿ" ಎಂದಳು ಅಮ್ಮ. ಪುಟ್ಟಿಗೆ ಸ್ವಾಮಿ ವಿವೇಕಾನಂದರಂತೆ ಕೈಕಟ್ಟಿ ನಿಲ್ಲಲು ಹೇಳಿ, ತೋಳು ಕಾಣದಂತೆ ಫೋಟೋ ತೆಗೆದು ಕಳಿಸಿದೆವು. ಅಂದು ರಾತ್ರಿ ನಮಗೆ ಊಟ ರುಚಿಸಲಿಲ್ಲ.

ಸರಿಪಡಿಸುವ ಬಗೆ ಯೋಚಿಸಿದೆವು. ಉಣ್ಣೆಯ ಬಟ್ಟೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಹಿಂಡದೆ ಟವೆಲಿನಲ್ಲಿ ಸುತ್ತಿ ನೀರು ತೆಗೆದು, ಮಂಚದ ಮೇಲೆ ಹರಡಿ ಮೆಲ್ಲಗೆ ಎಳೆದು ಒಣಗಿಸಿದರೆ ಒಂದೆರಡು ಬೆರಳು ಹಿಗ್ಗುತ್ತದೆ. ನೀರು ಬಿಸಿಯಾಗಿರಬಾರದು. ಹಿಂದೊಮ್ಮೆ ನಾವೇ ಜಾಣತನದಿಂದ ಗೀಸರಿನ ನೀರಿಗೆ ಹಾಕಿ ಉಜ್ಜಿದ ಅರೆತೋಳಿನ ಸ್ವೆಟರು ಗೊಂಬೆಗೆ ತೊಡಿಸುವಷ್ಟಾಯಿತು. ಉಣ್ಣೆಯ ಎಳೆಗಳ ಮೇಲಿನ ಸಣ್ಣ ಹುರುಪೆಗಳು ಒಂದಕ್ಕೊಂದು ಕಚ್ಚಿಕೊಂಡರೆ ಮತ್ತೆ ಬಿಡಿಸುವವರಿಲ್ಲ. ಆದರೆ ಒಂದೆರಡು ಬೆರಳಿನಿಂದ ನಮ್ಮ ಕಷ್ಟ ತೀರುವಂತಿರಲಿಲ್ಲ. ಪೂರ್ತಿ ಬಿಚ್ಚಿ ಹೊಸದಾಗಿ ಹೆಣೆಯಬಹುದಿತ್ತು. ಅದಕ್ಕೆ ನಮ್ಮಾಕೆ ಒಪ್ಪಲಿಲ್ಲ. "ಅತ್ತೆ ಎರಡು ತಿಂಗಳು ಕೂತು ಹಾಕಿದ ಫಂದಾಗಳನ್ನು ಒಂದು ಗಂಟೆಯಲ್ಲಿ ಎಳೆದು ಉಂಡೆ ಸುತ್ತಲೇನ್ರೀ?" ಎಂದಳು.

ಕೊನೆಗೆ ದಾರಿ ತೋರಿಸಿದವರು ಬೀಜಿಯೇ. ತೋಳಿನ ಹೊಲಿಗೆ ಬಿಚ್ಚಿ, ಅಂಚಿನ ಪಟ್ಟಿಗಿಂತ ಸ್ವಲ್ಪ ಮೇಲೆ ಒಂದೇ ಒಂದು ಎಳೆ ಕತ್ತರಿಸಿ, ಆ ಸಾಲನ್ನು ಮೆಲ್ಲಗೆ ಎಳೆದುಬಿಟ್ಟರೆ ತೋಳು ಎರಡಾಗುತ್ತದೆ. ಮೇಲಿನ ಭಾಗದ ಕುಣಿಕೆಗಳು ಬಾಯಿ ತೆರೆದು ನಿಲ್ಲುತ್ತವೆ. ಅವನ್ನು ಒಂದೂ ಬೀಳದಂತೆ ಕಡ್ಡಿಗೆ ಏರಿಸಿ, ಬೇಕಾದಷ್ಟು ಉದ್ದ ಕೆಳಮುಖವಾಗಿ ಹೆಣೆಯುವುದು. ಪಕ್ಕೆಯ ಹೊಲಿಗೆ ಬಿಚ್ಚಿ, ಎರಡು ಕಡೆಯೂ ಒಂದೊಂದು ಪಟ್ಟಿ ಕೂಡಿಸುವುದು.

ಅದೇ ಬಣ್ಣದ ಉಣ್ಣೆ ಹುಡುಕಿ ಹೋದೆವು. ಅಂಗಡಿಯವನು ತೋರಿಸಿದ್ದು ಅದಕ್ಕೆ ತಮ್ಮನಂತಿತ್ತೇ ಹೊರತು ಅದೇ ಆಗಿರಲಿಲ್ಲ. ಒಂದು ಬಾರಿ ಅದ್ದಿದ ಬಣ್ಣ ಮತ್ತೊಂದು ಬಾರಿಗೆ ಬರುವುದಿಲ್ಲವಂತೆ. "ಮುಚ್ಚಿಡಲು ಹೋದರೆ ಇನ್ನೂ ಎದ್ದು ಕಾಣುತ್ತದೆ. ಬೇರೆಯದೇ ಹಾಕೋಣ" ಎಂದು ನಮ್ಮಾಕೆ ಸಾಸಿವೆಹೂವಿನ ಹಳದಿ ಆರಿಸಿದಳು. ಅಮ್ಮನ ಕೈ ಸಡಿಲ, ಅಂಗುಲಕ್ಕೆ ಆರು ಕುಣಿಕೆ. ಇವಳದು ಬಿಗಿ, ಏಳು. ಆದ್ದರಿಂದ ಹತ್ತನೆಯ ನಂಬರಿನ ಸಲಾಯಿ ಬಿಟ್ಟು ಒಂಬತ್ತನೆಯದು ಹಿಡಿದಳು. ಇದರಲ್ಲಿ ನಂಬರು ಇಳಿದಷ್ಟೂ ಕಡ್ಡಿ ದಪ್ಪ. ಅಮ್ಮನ ಹಳೆಯ ಅಂಚು ಬಿಚ್ಚಿದ ಕುಂಕುಮದ ಎಳೆ ಸುರುಳಿ ಸುರುಳಿಯಾಗಿತ್ತು. ಅದನ್ನು ಲಡಿ ಮಾಡಲು ನಾವು ಎರಡು ಕೈ ಚಾಚಿ ಅರ್ಧ ಗಂಟೆ ಕಂಬದಂತೆ ಕುಳಿತೆವು; ನೆನೆಸಿ, ಭಾರ ಕಟ್ಟಿ ತೂಗುಹಾಕಿದ ಮೇಲೆ ನೆಟ್ಟಗಾಯಿತು. ನಾಲ್ಕು ಬೆರಳು ಹಳದಿಯಾದ ಮೇಲೆ ಮತ್ತೆ ಅದೇ ಎಳೆಯಿಂದ ಅಂಚು ಕಟ್ಟಿದಳು. ಮೊದಲೂ ಕೊನೆಯೂ ಅಮ್ಮನದು, ನಡುವೆ ನಮ್ಮದು.

ಸಂಕ್ರಾಂತಿಯ ದಿನ ವಿಡಿಯೋ ಕರೆ ಮಾಡಿದೆವು. ಇಷ್ಟು ಹಳದಿಯನ್ನು ಕೈಕಟ್ಟಿ ಮುಚ್ಚುವಂತಿರಲಿಲ್ಲ. ಮುಚ್ಚುವ ಮನಸ್ಸೂ ಇರಲಿಲ್ಲ. ಅಮ್ಮ ಕನ್ನಡಕ ಏರಿಸಿ ನೋಡಿದಳು.

"ತೋಳು ಇಳಿಸಿದೀರಾ? ಎಷ್ಟು?"

"ನಾಲ್ಕು ಬೆರಳು ಅಜ್ಜೀ" ಎಂದಳು ಪುಟ್ಟಿ.

ಅಮ್ಮ ತನ್ನ ಮುಂಗೈಯ ಮೇಲೆ ನಾಲ್ಕು ಬೆರಳಿಟ್ಟು ನೋಡಿಕೊಂಡಳು. ಸ್ವಲ್ಪ ಹೊತ್ತು ತೆಗೆಯಲಿಲ್ಲ. "ಇಷ್ಟು ಬೆಳೆದಳೇನೋ ಮಾರಾಯ!" ಎಂದಳು ನಮ್ಮ ಕಡೆ ತಿರುಗಿ. ಆಮೇಲೆ ಸೊಸೆಗೆ, "ಹೆಣಿಗೆ ಬಿಗಿಯಾಯ್ತು ಕಣೆ, ಆದರೂ ಚೆನ್ನಾಗಿದೆ. ಮುಂದಿನ ಸಲಕ್ಕೆ ಅಳತೆಯ ದಾರ ಕಳಿಸು. ತೋಳಿಗೊಂದು ಗಂಟು, ಎದೆಗೊಂದು ಗಂಟು" ಎಂದಳು.

ಅಂದೇ ದಾರ ಹಿಡಿದು ಅಳೆದೆವು. ಗಂಟು ಹಾಕಿ ಲಕೋಟೆಯಲ್ಲಿಟ್ಟೆವು. ಲಕೋಟೆ ಇನ್ನೂ ಮೇಜಿನ ಮೇಲೆಯೇ ಇದೆ, ಅಂಚೆಗೆ ಹಾಕಿಲ್ಲ. ಬೇಸಿಗೆಯ ರಜೆಗೆ ಏನಾದರಾಗಲಿ ಕರ್ನಾಟಕ ಎಕ್ಸ್‌ಪ್ರೆಸ್ಸು ಹತ್ತುವುದೆಂದು ನಿಶ್ಚಯಿಸಿದ್ದೇವೆ. ಅಷ್ಟರಲ್ಲಿ ಈ ದಾರವೂ ಚಿಕ್ಕದಾದೀತು ಎನ್ನುತ್ತಾಳೆ ನಮ್ಮಾಕೆ. ಆಗಲಿ, ಈ ಸಲ ಅಮ್ಮ ತಾನೇ ಅಳೆದುಕೊಳ್ಳಲಿ.